ನಾನು ಸರಿ ಮಾಡಿದ ಗಿಟಾರ್

ನನ್ನ ಕಿವಿಯ ಬಗ್ಗೆ ನನಗೆ ಭಾರೀ ಜಂಬವಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಕಡೆ ಮುಕ್ಕಾಗಿದೆ. ಅದು ಹೇಗಾಯಿತು ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೆಂಡತಿಗೂ ಅರ್ಧವಷ್ಟೇ ಹೇಳಿದ್ದೆ, ನಾನು ಕೊಂಚ ಚೆನ್ನಾಗಿ ಕಾಣುವ ಅರ್ಧ.

ಆಗ ನಾನು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿದ್ದೆ. ಹಗಲು ಕಾಲುವೆ ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ಮತ್ತು ರಜೆಯ ದಿನ ಹೊಸಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡು. ಎಲ್ಲರ ವಾದ್ಯಗಳ ಶ್ರುತಿ ಕೂಡಿಸುವ ಕೆಲಸವೂ ನನ್ನದೇ. ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ನಮ್ಮಪ್ಪ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು; ಚಿಕ್ಕಂದಿನಲ್ಲಿ ನಾನು ಅಪಸ್ವರ ಹಾಡಿದರೆ ನುಡಿಸುತ್ತಲೇ ಇನ್ನೊಂದು ಕೈಯಲ್ಲಿ ತಲೆಗೆ ಮೊಟಕುತ್ತಿದ್ದರು. ಆ ಮೊಟಕು ಒಳಗೇ ಉಳಿದುಬಿಟ್ಟಿತ್ತು. ಬೇರೆಯವರ ಮದುವೆಯಲ್ಲಿ ಉಣ್ಣುತ್ತ ಕೂತಾಗಲೂ ಓಲಗದವನನ್ನು ಕೆಕ್ಕರಿಸಿ ನೋಡಿ ಹೆಂಡತಿಯಿಂದ ಬೈಸಿಕೊಂಡವನು ನಾನು. ಆರ್ಕೆಸ್ಟ್ರಾದ ಹುಡುಗರು ಬೆನ್ನ ಹಿಂದೆ ನನಗೆ ಶ್ರುತಿಪೆಟ್ಟಿಗೆ ಅಂತ ಹೆಸರಿಟ್ಟಿದ್ದರು. ಗೊತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಗಣಿ ಜೋರಾಗಿದ್ದ ಕಾಲ ಅದು. ಸಂಡೂರಿನ ಕಡೆಯಿಂದ ಅದಿರು ಹೇರಿಕೊಂಡ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಬರುತ್ತಿದ್ದವು. ಬೆಳಗ್ಗೆ ಒರೆಸಿದ ಕೀಬೋರ್ಡಿನ ಮೇಲೆ ಮಧ್ಯಾಹ್ನಕ್ಕೆ ಕೆಂಪು ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಎತ್ತ ನೋಡಿದರೂ ಏನಾದರೊಂದು ಉದ್ಘಾಟನೆ. ಲಾಡ್ಜು, ಟೈರಿನ ಅಂಗಡಿ, ಗ್ಯಾರೇಜು. ಉದ್ಘಾಟನೆ ಅಂದಮೇಲೆ ಆರ್ಕೆಸ್ಟ್ರಾ ಇರಲೇಬೇಕು. ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಯುಗಳಗೀತೆಗೆ ಹೆಣ್ಣುದನಿ ಬೇಕೆಂದು ನಮ್ಮ ಆರ್ಕೆಸ್ಟ್ರಾದ ಯಜಮಾನರು ಕಂಪ್ಲಿಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಗಟ್ಟಿ ದನಿ. ಹೆಗಲಿಗೊಂದು ಗಿಟಾರ್. ಹಂಪಿಯ ಗೆಸ್ಟ್ ಹೌಸೊಂದರಲ್ಲಿ ಕೆಲಸಕ್ಕಿದ್ದ ಅವಳ ಸೋದರಮಾವನಿಗೆ ಯಾರೋ ಪ್ರವಾಸಿ ಬಿಟ್ಟುಹೋದದ್ದಂತೆ. ಆರನೆಯ ತಂತಿಯನ್ನು ಬಿಗಿಯುವ ಬಿರಟೆ ಮುರಿದಿತ್ತು, ಹಾಗಾಗಿ ಐದೇ ತಂತಿ. ಕಲಿಸುವವರು ಯಾರೂ ಸಿಕ್ಕಿರಲಿಲ್ಲ. ಅವಳು ಸಿನಿಮಾ ಹಾಡಿಗೆ ಅದನ್ನು ಮುಟ್ಟುತ್ತಿರಲಿಲ್ಲ. ಚಹಾ ಕುಡಿಯುವ ಬಿಡುವಿನಲ್ಲಿ ಮಾತ್ರ ಮೂಲೆಯಲ್ಲಿ ಕೂತು ತೆಗೆಯುತ್ತಿದ್ದಳು.

ಮೊದಲ ದಿನ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಿಟಾರನ್ನು ಅಂಗಾತ ತೊಡೆಯ ಮೇಲೆ ಮಲಗಿಸಿದಳು. ತಂತಿಗಳ ನಡುವೆ ಎರಡು ಕಸಬರಿಗೆ ಕಡ್ಡಿ ಸಿಗಿಸಿದಳು. ಎಡಗೈಯಲ್ಲಿ ಲಾರಿಯ ಬೇರಿಂಗಿನ ಒಂದು ಉಕ್ಕಿನ ಗುಂಡು, ಬಲಗೈಯಲ್ಲಿ ಊಟದ ಚಮಚ.

"ಏನವ್ವಾ ತಾಯಿ, ಇದು ಗಿಟಾರೋ, ರೊಟ್ಟಿ ಬಡಿಯೋ ಮಣೆಯೋ?" ಅಂದೆ.

"ಗಿಟಾರ್ರೀ ಮಾಸ್ತರ."

"ಹಿಂಗ ಮಲಗಿಸಿ ಬಾರಸ್ತಾರೇನು ಯಾರರ?"

"ಎತ್ತಿ ಹಿಡದ್ರ ನನ್ ಮಾತು ಕೇಳಂಗಿಲ್ರಿ ಇದು. ಮಲಗಿಸಿದ್ರ ಕೇಳತೈತಿ."

ಚಮಚದ ಹಿಡಿಯಿಂದ ತಂತಿಗೆ ಹೊಡೆದಳು. ಕಡ್ಡಿ ತಾಗಿ ತಂತಿ ಮೊದಲು ಗೊರಗುಟ್ಟಿತು, ಆಮೇಲೆ ಗುಂಡು ಜಾರಿಸಿದ್ದೇ ತಡ, ದೂರದಿಂದ ಯಾರೋ ಕೂಗಿದ ಹಾಗೆ ದನಿ ಎದ್ದಿತು. ಅವಳು ಹಾಡತೊಡಗಿದಳು. ಅವಳೇ ಕಟ್ಟಿದ ಹಾಡು. ಒಣಹಾಕಿದ ಬಟ್ಟೆಯ ಮೇಲೆ ಕೂರುವ ಕೆಂಪು ಧೂಳಿನ ಬಗ್ಗೆ. ಪಲ್ಲವಿ ಇಲ್ಲ, ಚರಣ ಇಲ್ಲ. ನಡುವೆ ನಿಂತು ಮಾತಾಡಿದಂತೆ ಎರಡು ಸಾಲು ಹೇಳಿ, ಮತ್ತೆ ಹಾಡಿಗೆ ಹೊರಳುತ್ತಿದ್ದಳು. ನನ್ನ ಕೈಯಲ್ಲಿ ಚಹಾ ಆರಿಹೋಯಿತು.

ಆದರೆ ಶ್ರುತಿ! ಅಯ್ಯೋ ಶಿವನೇ, ಆ ಐದು ತಂತಿಗಳಲ್ಲಿ ಒಂದೂ ನನಗೆ ಗೊತ್ತಿದ್ದ ಯಾವ ಸ್ವರದ ಮೇಲೂ ನಿಂತಿರಲಿಲ್ಲ. ಒಂದು ಗಾಂಧಾರಕ್ಕಿಂತ ಕೂದಲೆಳೆ ಕೆಳಗೆ. ಇನ್ನೊಂದು ಪಂಚಮಕ್ಕೆ ಹೊರಟು ನಡುದಾರಿಯಲ್ಲೇ ಕೂತುಬಿಟ್ಟಿತ್ತು. ಇಷ್ಟು ಒಳ್ಳೆಯ ಹಾಡು, ಇಷ್ಟು ಕೆಟ್ಟ ಶ್ರುತಿ ಅಂದುಕೊಂಡು ಲೋಟ ಕೆಳಗಿಟ್ಟೆ.

"ಕೊಡಿಲ್ಲೆ, ಸರಿ ಮಾಡಿಕೊಡ್ತೀನಿ," ಅಂತ ಕೈ ಚಾಚಿದೆ.

ಅವಳು ಗಿಟಾರನ್ನು ಎದೆಗೆ ಒತ್ತಿಕೊಂಡಳು. "ಬ್ಯಾಡ್ರಿ ಮಾಸ್ತರ. ಅವು ಹಂಗ ಇರಬೇಕ್ರಿ."

"ಯಾಕ ಹಂಗ ಇರಬೇಕು?"

"ಹಂಗ ಅದಾವ್ರಿ," ಅಂದು ತಲೆ ತಗ್ಗಿಸಿದಳು. ಹೇಳಲು ನಾಚಿಕೊಂಡಳು ಅಂತ ಈಗ ಗೊತ್ತಾಗುತ್ತದೆ. ಆಗ ಮೊಂಡುತನ ಅಂದುಕೊಂಡೆ. ಆಮೇಲೂ ನಾಲ್ಕೈದು ಸಲ ಹೇಳಿ ನೋಡಿದೆ, ಜಪ್ಪಯ್ಯ ಅಂದರೂ ಅವಳು ಕೊಡಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಅವಳ ತಾಯಿ ಒಂದು ಕೆಲಸ ಗೊತ್ತು ಮಾಡಿದರು. ಸಂಡೂರಿನ ಹತ್ತಿರ ಒಂದು ಗಣಿ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಾರಿಗಳ ಪರ್ಮಿಟ್ಟು ಟೈಪ್ ಮಾಡುವುದು. ತಾಯಿ ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವವರು. ಮಗಳಾದರೂ ನೆರಳಿನಲ್ಲಿ ಕೂತು ದುಡಿಯಲಿ ಅನ್ನುವುದು ಅವರ ಆಸೆ, ಅದರಲ್ಲೇನೂ ತಪ್ಪಿಲ್ಲ. ಮಗಳು ಅತ್ತೂ ಕರೆದೂ ಒಂದು ಮಾತಿಗೆ ಒಪ್ಪಿಸಿದ್ದಳು. ತಾಯಿ ಒಮ್ಮೆ ಬಂದು ಅವಳ ಸ್ವಂತ ಹಾಡು ಕೇಳುವುದು. ಬೇಡ ಅಂದರೆ ಗಿಟಾರ್ ವಾಪಸ್ಸು ಮಾವನ ಮನೆಗೆ, ಅವಳು ಆಫೀಸಿಗೆ.

"ಅವ್ವ ಹೂಂ ಅಂದ್ರ ಹಾಡ್ತೀನ್ರಿ ಮಾಸ್ತರ, ಇಲ್ಲಾಂದ್ರ ಮುಗೀತು," ಅಂದಳು. "ಅಕಿ ಮಾತು ನಾ ಮೀರಂಗಿಲ್ಲ."

ಅವಕಾಶ ಸಿಕ್ಕಿದ್ದು ಸಂಡೂರು ರಸ್ತೆಯಲ್ಲಿ ತೆರೆದ ಒಂದು ಹೊಸ ಪೆಟ್ರೋಲ್ ಬಂಕಿನಲ್ಲಿ. ಬಂಕಿನ ಮಾಲೀಕರು ಕಂಪ್ಲಿಯ ರೈಸ್ ಮಿಲ್ಲಿನವರು. ನಮ್ಮೂರ ಹುಡುಗಿ ಒಂದು ಸ್ವಂತ ಹಾಡು ಹಾಡಲಿ ಬಿಡ್ರಿ ಅಂತ ಅವರು ಒಪ್ಪಿದ್ದರಿಂದ ನಮ್ಮ ಯಜಮಾನರೂ ಒಪ್ಪಬೇಕಾಯಿತು.

ಬೆಳಗ್ಗೆ ಹನ್ನೊಂದಕ್ಕೆ ಪೂಜೆ. ಶಾಮಿಯಾನದ ಕೆಳಗೆ ಕುರ್ಚಿಗಳು. ಆಚೆ ಮೊದಲ ಡೀಸೆಲ್ಲಿಗೆ ಮಾಲೆ ಹಾಕಿಕೊಂಡು ಸಾಲಾಗಿ ನಿಂತ ಲಾರಿಗಳು, ಬಾನೆಟ್ಟಿನ ಮೇಲೆ ಕೂತ ಡ್ರೈವರುಗಳು. ಹುಡುಗಿಯ ತಾಯಿ ತಮ್ಮ ನಾಟಿಯ ಜೊತೆಗಾರ್ತಿಯರು ಮೂವರನ್ನು ಕರೆದುಕೊಂಡು ಟೆಂಪೊದಲ್ಲಿ ಬಂದಿದ್ದರು. ಮುಂದಿನ ಕುರ್ಚಿಗೆ ಬರ್ರಿ ಅಂದರೂ ಬರಲಿಲ್ಲ. ಹಿಂದೆ, ಚಕ್ರಕ್ಕೆ ಗಾಳಿ ಹಾಕುವ ಯಂತ್ರದ ಪಕ್ಕ ನಿಂತರು. ಹಸಿರು ಸೀರೆ, ಗಂಟು ಹಾಕಿದ ಮುಖ. ಆ ಮುಖ ನೋಡಿದರೆ ಹೂಂ ಅನ್ನುವವರಂತೆ ಕಾಣಲಿಲ್ಲ.

ಪೂಜೆ ಮುಗಿದ ಮೇಲೆ ನಮ್ಮ ಹುಡುಗರೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ವೇದಿಕೆಯ ಹಿಂದೆ ಹೋದರು. ಹುಡುಗಿ ತಾಯಿಗೆ ನೀರು ಕೊಡಲು ಹೋಗಿದ್ದಳು. ಗಿಟಾರ್ ಕುರ್ಚಿಯ ಮೇಲೆ ಒಂದೇ ಇತ್ತು. ನಾನು ಅದರ ಧೂಳು ಒರೆಸಿದೆ. ಪಾಪ, ಇವತ್ತು ತಾಯಿಯ ಎದುರು ಇವಳ ಮಾನ ಹೋಗಬಾರದು ಅನ್ನಿಸಿತು. ಕಡ್ಡಿಗಳನ್ನು ಜೋಪಾನವಾಗಿ ತೆಗೆದಿಟ್ಟು, ಕೀಬೋರ್ಡಿನ ಸ್ವರ ಒತ್ತಿಕೊಂಡು, ಐದು ತಂತಿಗಳನ್ನೂ ಒಂದೊಂದಾಗಿ ಅಚ್ಚುಕಟ್ಟಾಗಿ ಶ್ರುತಿಗೆ ತಂದೆ. ಕಡ್ಡಿಗಳನ್ನು ಮೊದಲಿನಂತೆಯೇ ಸಿಗಿಸಿದೆ. ಅದರಲ್ಲಿ ಅರ್ಧ ಅಕ್ಕರೆ, ಅರ್ಧ ಸೊಕ್ಕು. ಒಂದು ವರ್ಷದಿಂದ ಕಿವಿಯಲ್ಲಿ ಚುಚ್ಚುತ್ತಿದ್ದ ಮುಳ್ಳು ತೆಗೆದ ಹಾಗೆ ನನಗೆ ಹಾಯೆನಿಸಿತು.

ಮೂರು ಸಿನಿಮಾ ಹಾಡು ಮುಗಿದ ಮೇಲೆ ಯಜಮಾನರು ಅವಳ ಹಾಡು ಸಾರಿದರು. ಅವಳು ವೇದಿಕೆಯಲ್ಲಿ ಜಮಖಾನದ ಮೇಲೆ ಕೂತು, ಗಿಟಾರ್ ಮಲಗಿಸಿಕೊಂಡು, ಚಮಚದಿಂದ ಮೊದಲ ತಂತಿಗೆ ಹೊಡೆದಳು. ಸ್ವಚ್ಛವಾದ ಸ್ವರ ಎದ್ದಿತು. ನಾನು ಹಿಂದೆ ಕೂತು ನಗುತ್ತಿದ್ದೆ.

ಅವಳ ಕೈ ನಿಂತಿತು. ಎರಡನೆಯ ತಂತಿ ಹೊಡೆದಳು, ಮೂರನೆಯದು ಹೊಡೆದಳು. ಆಮೇಲೆ ಹಿಂತಿರುಗಿ ನನ್ನ ಮುಖ ನೋಡಿದಳು. ನನ್ನ ನಗೆಯೇ ಅವಳಿಗೆ ಎಲ್ಲವನ್ನೂ ಹೇಳಿರಬೇಕು. ಅವಳ ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಏನೋ ದೊಡ್ಡ ಅನಾಹುತ ಮಾಡಿದೆ ಅನ್ನುವುದು ಮಾತ್ರ ನನಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

"ಡ್ಯಾನ್ಸ್ ಸಾಂಗ್ ಹಾಕ್ರಿ!" ಅಂತ ಒಬ್ಬ ಡ್ರೈವರ್ ಕೂಗಿದ. ಯಜಮಾನರು ಪಕ್ಕದಿಂದ ಹಲ್ಲು ಕಡಿದರು, "ಜಲ್ದಿ ಶುರು ಮಾಡವ್ವಾ, ಇಲ್ಲಾಂದ್ರ ಎದ್ದು ಬಾ."

ಅವಳು ಮೈಕಿಗೆ ಬಾಯಿ ಕೊಟ್ಟಳು. "ಒಂದ್ ಸ್ವಲ್ಪ ತಡೀರಿ. ಇದರಾಗಿನ ಮಂದಿ ಎದ್ದು ಹೋಗ್ಯಾರ. ಕರಕೊಂಡ್ ಬರ್ತೀನಿ."

ಕೆಲವರು ನಕ್ಕರು. ಅವಳು ಒಂದು ಬಿರಟೆ ಹಿಡಿದು, ಸಣ್ಣಗೆ, ಮೂಗಿನಲ್ಲಿ ನಾಟಿಯ ಹಾಡಿನ ಒಂದು ಸಾಲು ಹಾಡಿದಳು. ಹಾಡುತ್ತ ಹಾಡುತ್ತ ಬಿರಟೆ ತಿರುಗಿಸಿದಳು. ತಂತಿ ನನ್ನ ಸ್ವರ ಬಿಟ್ಟು ಜಾರಿ ಆ ಮೂಗಿನ ದನಿಗೆ ಹೋಗಿ ಅಂಟಿಕೊಂಡಿತು. "ಇದು ನಮ್ ಸಣ್ಣವ್ವ. ಹಿಂಗ ಹಾಡ್ತಾಳ." ಗಾಳಿಯಂತ್ರದ ಪಕ್ಕ ನಿಂತ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡನೆಯ ತಂತಿ. "ಇದು ಹಿಂದಿನ ಮನಿ ಅತ್ತಿ. ಅರ್ಧ ಸಾಲಿಗೆ ಉಸಿರು ಬಿಡ್ತಾಳ." ಮೂರನೆಯದು ದೊಡ್ಡವ್ವ, ಒಡಕು ದನಿ. ನಾಲ್ಕನೆಯದಕ್ಕೆ ಅವಳು ತಲೆಯೆತ್ತಿ ಹಿಂದಕ್ಕೆ ನೋಡಿದಳು. "ಇದು ನಮ್ಮವ್ವ."

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಆ ಹುಡುಗಿ ತಂತಿಗಳನ್ನು ಸ್ವರಕ್ಕೆ ಕೂಡಿಸಿಯೇ ಇರಲಿಲ್ಲ, ಮನುಷ್ಯರಿಗೆ ಕೂಡಿಸಿದ್ದಳು. ಗದ್ದೆಯ ಕೆಸರಿನಲ್ಲಿ ಸಾಲಾಗಿ ಬಗ್ಗಿ ನಿಂತ ಐವರು ಹೆಂಗಸರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಒಂದು ವರ್ಷ ನನ್ನೆದುರೇ ಕೂತಿದ್ದಳು. ನಾನು, ಶ್ರುತಿಪೆಟ್ಟಿಗೆ, ಅವರನ್ನು ಅಪಸ್ವರ ಅಂದಿದ್ದೆ.

ಉಳಿದದ್ದು ಐದನೆಯ ತಂತಿ, ಎಲ್ಲಕ್ಕಿಂತ ದಪ್ಪನೆಯದು. "ಇದು ನಮ್ಮಜ್ಜಿ, ಅವ್ವನ ಅವ್ವ. ಹ್ವಾದ ವರ್ಷ ತೀರಿಕೊಂಡ್ಲು. ಅಕಿನ್ನ ಪಕ್ಕದಾಗ ಕುಂದರಿಸಿಕೊಂಡು ಕೂಡಿಸಿದ್ದೆ. ಆಮ್ಯಾಲೆ ಈ ಬಿರಟಿ ನಾ ಮುಟ್ಟಿಲ್ಲ."

ಮುಟ್ಟಿದವನು ನಾನು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ಹಾಡಿ ನೋಡಿದಳು. ತಿರುಗಿಸಿದಳು. ತಲೆ ಅಲ್ಲಾಡಿಸಿದಳು. ಮತ್ತೆ ಹಾಡಿದಳು. ಅಜ್ಜಿಯ ದನಿ ಅವಳ ಗಂಟಲಿಗೆ ಬರಲಿಲ್ಲ. ಒಂದು ಲಾರಿ ಹಾರ್ನ್ ಹೊಡೆಯಿತು. ಅವಳ ಕೈ ಬಿರಟೆಯ ಮೇಲೇ ನಿಂತುಬಿಟ್ಟಿತು.

ಆಗ ಹಿಂದಿನಿಂದ ಒಂದು ದನಿ ಎದ್ದಿತು. ದಪ್ಪ, ಗಂಡಸಿನಂಥ ದನಿ, ನೆಲಕ್ಕೆ ತಾಗಿಕೊಂಡು ಬಂದ ಹಾಗಿತ್ತು. ನೋಡಿದರೆ ಹಸಿರು ಸೀರೆಯ ತಾಯಿ ಕಣ್ಣು ಮುಚ್ಚಿ, ಸೊಂಟಕ್ಕೆ ಕೈಯಿಟ್ಟು, ಅದೇ ನಾಟಿಯ ಸಾಲನ್ನು ತಮ್ಮ ತಾಯಿಯ ದನಿಯಲ್ಲಿ ಹಾಡುತ್ತಿದ್ದರು. ಮೈಕಿಲ್ಲದೆಯೂ ಅದು ವೇದಿಕೆ ಮುಟ್ಟಿತು. ಹುಡುಗಿ ಆ ದನಿಯನ್ನು ಹಿಡಿದುಕೊಂಡೇ ಬಿರಟೆ ಇಳಿಸಿದಳು, ಇಳಿಸಿದಳು. ತಂತಿ ಹೋಗಿ ಅಲ್ಲಿ ನಿಂತಿತು.

ಹಾಡು ಅಲ್ಲಿಂದಲೇ ಶುರುವಾಯಿತು.

"ನೀರಾಗ ನಿಂತ ಕಾಲು ಎಣಸೀನಿ, ಐದು ಜೋಡಿ.
ಒಂದು ಜೋಡಿ ಎದ್ದು ಹೋತು.
ನೀರು ಇನ್ನೂ ಅಲ್ಲೇ ಅಲುಗತೈತಿ."

ಅಂಗೈಯಿಂದ ಗಿಟಾರಿನ ಮರಕ್ಕೆ ಬಡಿದರೆ ಕೆಸರಿನಿಂದ ಕಾಲು ಕಿತ್ತ ಸದ್ದು. ಗುಂಡು ಜಾರಿಸಿದರೆ ಬದುವಿನಿಂದ ಬದುವಿಗೆ ಕೂಗು. ಐದು ತಂತಿಯೂ ಒಟ್ಟಿಗೆ ನುಡಿದಾಗ ಅವು ಕೂಡಲಿಲ್ಲ, ಐದು ಜನ ಕೂಡಿ ಹಾಡಿದರೆ ಹೇಗೋ ಹಾಗೆ ಪಕ್ಕಪಕ್ಕದಲ್ಲಿ ನಿಂತವು. ನಾನು ಹುಟ್ಟಿದಾಗಿನಿಂದ ಸಂಗೀತ ಕೇಳಿದ್ದೇನೆ. ಅಂಥದ್ದನ್ನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಇಲ್ಲ. ಡ್ಯಾನ್ಸ್ ಸಾಂಗ್ ಕೇಳಿದ ಆ ಡ್ರೈವರ್ ಬಾನೆಟ್ಟಿನಿಂದ ಇಳಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಹಾಡು ಮುಗಿದಾಗ ಚಪ್ಪಾಳೆ ತಟ್ಟಿದರು ನೋಡಿ, ಮಾಲೀಕರೂ ಎದ್ದು ನಿಂತರು.

ತಾಯಿ ವೇದಿಕೆಯ ಹಿಂದಕ್ಕೆ ಬಂದರು. ಮುಖದ ಗಂಟು ಬಿಚ್ಚಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಅದನ್ನ ಕೆಡಿಸಿದವ ನಾನ್ರಿ," ಅಂದೆ. "ಸರಿ ಮಾಡ್ತೀನಿ ಅಂತ ಹೋಗಿ ಎಲ್ಲಾ ತಿರುವಿಬಿಟ್ಟೆ. ನನ್ನ ತಪ್ಪಿಗೆ ಮಗಳಿಗೆ ಬ್ಯಾಡ ಅನಬ್ಯಾಡ್ರಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವಾದ್ಯದ ಪೆಟ್ಟಿಗೆಯ ಮೇಲೆ ಕೂತು ಮಗಳಿಗೆ ಹೇಳಿದರು, "ನಿಮ್ಮಜ್ಜಿ ಇನ್ನೂ ಕೆಳಗ ಹಾಡ್ತಿದ್ಲು. ಅಷ್ಟು ಮಂದಿ ಮುಂದ ನನಗ ಅಷ್ಟಕ್ಕ ನಿಂತುಬಿಡ್ತು. ಇನ್ನ ಇಳಸು ಅದನ್ನ."

"ಅವ್ವಾ, ಮತ್ತ ಆಫೀಸು?"

"ಆಫೀಸಿನವ್ರಿಗೆ ಬರಂಗಿಲ್ಲಂತ ನಾ ಹೇಳಿ ಕಳಸ್ತೀನಿ. ಮೊದಲ ಇದನ್ನ ಇಳಸು."

ಹುಡುಗಿ ಅಳುತ್ತಲೇ ನಕ್ಕಳು. ಗಿಟಾರ್ ತಂದು ನನ್ನ ಮುಂದೆ ಇಟ್ಟಳು. "ಮಾಸ್ತರ, ನೀವ ಇಳಸ್ರಿ. ಅವ್ವ ಹೇಳ್ತಾಳ."

ಬಿರಟೆ ಹಿಡಿದೆ. ತಾಯಿ ಕಣ್ಣು ಮುಚ್ಚಿ ಆ ದಪ್ಪ ದನಿಯಲ್ಲಿ ಗುನುಗಿದರು. ನಾನು ತಂತಿ ಮೀಟುತ್ತ ಇಳಿಸಿದೆ.

"ಇನ್ನೂ," ಅಂದರು.

ಇಳಿಸಿದೆ.

"ಇನ್ನೂ ಒಂಚೂರು."

ನನಗೆ ಗೊತ್ತಿದ್ದ ಸ್ವರಗಳೆಲ್ಲ ಮೇಲೆ ಉಳಿದವು. ತಂತಿ ಎಲ್ಲಿಗೆ ಬಂದಿದೆ ಅನ್ನುವುದಕ್ಕೆ ನನ್ನ ಬಳಿ ಹೆಸರಿರಲಿಲ್ಲ.

"ಹಾಂ, ಬಂದ್ಲು. ಇನ್ನ ಕೈ ತಗೀರಿ," ಅಂದರು. ನಾನು ಕೈ ತೆಗೆದೆ.