ಇಲ್ಲಪ್ಪನ ತಗಡು

ಹೆತ್ತವರು ಇಟ್ಟ ಹೆಸರು ಬೇರೆ, ಊರು ಕರೆಯುತ್ತಿದ್ದದ್ದು ಇಲ್ಲಪ್ಪ ಅಂತ. ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿದ್ದ ಅವನು ಕೆಲಸ ಕೇಳಿಕೊಂಡು ಬಂದವರಿಗೆಲ್ಲ "ಇಲ್ಲಪ್ಪ, ಇಲ್ಲ" ಎನ್ನುತ್ತಿದ್ದ. ಬಂದವರು ಹೆಂಗಸಾಗಿದ್ದರೂ ಬಾಯಿ ತಪ್ಪಿ ಅದೇ ಮಾತು ಬರುತ್ತಿತ್ತು. ಹೆಸರು ಅಂಟಿಕೊಳ್ಳುವುದಕ್ಕೆ ಇನ್ನೇನು ಬೇಕು?

ಒಂದು ಕಾಲದಲ್ಲಿ ಇದೇ ಮನುಷ್ಯನನ್ನು ಜನ 'ಬಾರಪ್ಪ' ಎನ್ನುತ್ತಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಆಗ ಆ ಬೀದಿಯಲ್ಲಿ ನೂಲಿನ ಗಿರಣಿ ಇತ್ತು, ಸಾಬೂನಿನ ಕಾರ್ಖಾನೆ ಇತ್ತು, ಬಸ್ಸಿಗೆ ಬಾಡಿ ಕಟ್ಟುವ ದೊಡ್ಡ ಶೆಡ್ಡು ಇತ್ತು. ಕೆಲಸ ಹೆಚ್ಚು, ಕೈ ಕಡಿಮೆ. ಸುಮ್ಮನೆ ಬೀದಿಯಲ್ಲಿ ಹೋಗುತ್ತಿದ್ದವರನ್ನೂ ಇವನು "ಬಾರಪ್ಪ ಬಾ, ಅಂಟು ಹಚ್ಚೋಕೆ ಬರುತ್ತಾ?" ಎಂದು ಕೂಗಿ ಒಳಗೆ ಬಿಡುತ್ತಿದ್ದ. ಆಮೇಲೆ ಸಾಬೂನಿನವರು ಬಾಗಿಲು ಹಾಕಿದರು. ಶೆಡ್ಡಿನವರು ಬೇರೆ ಊರಿಗೆ ಗಂಟುಮೂಟೆ ಕಟ್ಟಿದರು. ಹೋದ ವರ್ಷ ಗಿರಣಿಯೂ ನಿಂತು, ಅರ್ಧ ಊರು ಮನೆಯಲ್ಲಿ ಕೂತಿತು. ಉಳಿದದ್ದು ಡಬ್ಬದ ಕಾರ್ಖಾನೆ ಒಂದೇ. ಹೀಗೆ ಬಾರಪ್ಪ ಇಲ್ಲಪ್ಪನಾದ.

ಗೇಟಿನ ಮೇಲೊಂದು ಬೋರ್ಡು. ಅದರಲ್ಲಿ 'ಕೆಲಸ ಖಾಲಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ, ಗೇಟಿನ ಒಳಗಿನಿಂದಲೂ ಕೈಗೆಟುಕುವ ಎರಡು ಕೊಕ್ಕೆ. ಕೊಕ್ಕೆಗೆ ತಗಲಿಹಾಕಲು ಎರಡು ತಗಡು, ಒಂದರಲ್ಲಿ 'ಇದೆ', ಇನ್ನೊಂದರಲ್ಲಿ 'ಇಲ್ಲ'. 'ಇಲ್ಲ' ಎಂಬ ತಗಡು ಎಷ್ಟು ಕಾಲದಿಂದ ನೇತಾಡುತ್ತಿತ್ತೆಂದರೆ ಕೊಕ್ಕೆಗೂ ಅದಕ್ಕೂ ತುಕ್ಕಿನಲ್ಲಿ ನೆಂಟಸ್ತನ ಬೆಳೆದಿತ್ತು. ಒಮ್ಮೆ ಗಾಳಿಗೆ ಅದು ಕಳಚಿ ಬಿದ್ದಾಗ ಬೋರ್ಡಿನಲ್ಲಿ ಬರೀ 'ಕೆಲಸ ಖಾಲಿ' ಉಳಿಯಿತು. "ಇರ್ಲಿ ಬಿಡಿ, ಹಿಂಗೂ ಸರಿಯಾಗೇ ಇದೆ. ಊರಲ್ಲಿ ಕೆಲಸ ಖಾಲಿ ಆಗೇ ಹೋಯ್ತಲ್ಲ," ಎಂದ ಎದುರಂಗಡಿಯ ಕ್ಷೌರದವನು. ಇನ್ನು 'ಇದೆ' ಎಂಬ ತಗಡು ಕಾವಲುಗೂಡಿನ ಒಳಗೆ ಕುಡಿಯುವ ನೀರಿನ ಮಡಕೆಗೆ ಮುಚ್ಚಳವಾಗಿತ್ತು. ಅದಕ್ಕೂ ಕ್ಷೌರದವನದೊಂದು ಮಾತು ಸಿದ್ಧವಿತ್ತು: "ನೀರಾದ್ರೂ ಇದೆ ಅಂತ ಬರ್ದಿದೀರಲ್ಲ, ಪುಣ್ಯ."

ಕ್ಷೌರದವನ ನಗೆಮಾತು ಇಲ್ಲಪ್ಪನಿಗೆ ಬೀದಿಯಲ್ಲಿ ಹಿತವಾಗುತ್ತಿತ್ತು, ಮನೆಗೆ ಹೋದರೆ ನಗು ಬರುತ್ತಿರಲಿಲ್ಲ. ಗಿರಣಿ ನಿಂತಾಗ ಕೆಲಸ ಕಳೆದುಕೊಂಡವರಲ್ಲಿ ಅವನ ಅಳಿಯನೂ ಒಬ್ಬ. ಬಾಡಿಗೆ ಮನೆ ಬಿಟ್ಟು ಮಗಳೂ ಅಳಿಯನೂ ಇಲ್ಲಪ್ಪನ ಮನೆಗೇ ಬಂದಿದ್ದರು. ಮನೆ ಅಳಿಯ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ಅದು ಎಲ್ಲರ ನಡುವೆ ಊಟಕ್ಕೆ ಕೂರುತ್ತಿತ್ತು. ಎರಡನೇ ಸಲ ಬಡಿಸಲು ಬಂದರೆ ಅಳಿಯ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವನು ಬೇಡವೆಂದದ್ದು ನೋಡಿ ಮಗಳೂ ಬೇಡ ಎನ್ನುತ್ತಿದ್ದಳು. ಇಲ್ಲಪ್ಪ ಅವನನ್ನು ಮದುವೆಯಾದ ದಿನದಿಂದ ಬಹುವಚನದಲ್ಲೇ ಮಾತಾಡಿಸಿದವನು. "ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ?" ಇಷ್ಟು ಬಿಟ್ಟರೆ ಮಾವ ಅಳಿಯಂದಿರ ನಡುವೆ ಮಾತೇ ಇರಲಿಲ್ಲ.

ಶುಕ್ರವಾರ ಸಂಜೆ ಸೂಪರ್‌ವೈಸರು ಗೂಡಿನ ಹತ್ತಿರ ಬಂದು ಸುತ್ತ ನೋಡಿದ. "ಸೋಮವಾರ ಬೆಳಿಗ್ಗೆ ತಗಡು ಬದಲಾಯಿಸ್ಬೇಕು. ಅಂಟಿನ ವಿಭಾಗಕ್ಕೆ ಏಳು ಜನ. ಯಾವಾಗ್ಲೂ ಮಾಡೋ ಹಾಗೇ, ತಗಡು ಹಾಕಿದಾಗ ಗೇಟಲ್ಲಿ ಯಾರು ಮೊದಲು ಇರ್ತಾರೋ ಅವರು ಒಳಗೆ. ಆದ್ರೆ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಇಡೀ ಊರು ಗೇಟು ಮುರೀತದೆ. ನಿನ್ನ ನಂಬಿ ಹೇಳ್ತಿದ್ದೀನಿ."

"ನನ್ನ ಬಾಯಿಂದ ಹೊರಗೆ ಬರಲ್ಲ ಸಾರ್," ಎಂದ ಇಲ್ಲಪ್ಪ.

ಅವನು ಹಾಗೆ ಹೇಳಿದರೆ ಹಾಗೇ. ಇಷ್ಟು ವರ್ಷಗಳಲ್ಲಿ ಅವನು ಯಾರ ಕಿವಿಗೂ ಸುದ್ದಿ ಹಾಕಿದವನಲ್ಲ, ತಮ್ಮನಿಗೂ ಹಾಕಿರಲಿಲ್ಲ. ಅದಕ್ಕೇ ತಮ್ಮ ಮಾತು ಬಿಟ್ಟದ್ದು. ಊರಿನಲ್ಲಿ ಬೈಯುವವರೂ "ಇಲ್ಲಪ್ಪ ಕಲ್ಲು, ಆದ್ರೆ ನ್ಯಾಯದ ಕಲ್ಲು" ಎನ್ನುತ್ತಿದ್ದರು. ಆದರೆ ಅಂದು ಮಡಕೆಯ ಮೇಲಿಂದ ತಗಡು ಎತ್ತಿದವನು ಅದನ್ನು ಕೆಳಗಿಡದೆ ನಿಂತ. ಏಳರಲ್ಲಿ ಒಂದು ಅಳಿಯನಿಗೆ ಸಿಕ್ಕಿಬಿಟ್ಟರೆ? ಮಗಳು ಹೊಟ್ಟೆ ತುಂಬ ಉಣ್ಣುವುದನ್ನು ನೋಡಬಹುದಿತ್ತು.

ನೀರು ಕುಡಿದೂ ಕುಡಿದೂ ತಗಡಿನ ಅಕ್ಷರಗಳು ಅಳಿಸಿಹೋಗಿದ್ದವು. ಬಣ್ಣ ಹಚ್ಚದೆ ಅದನ್ನು ತೂಗುಹಾಕುವಂತಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ಮನೆಗೆ ತಂದ. ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಕೂತು 'ಇದೆ' ಎಂಬುದನ್ನು ಹಸಿರು ಬಣ್ಣದಲ್ಲಿ ತಿದ್ದಿದ. ಒಣಗಲು ಇಡಬೇಕಲ್ಲ, ಮಾಡಿನ ಮೇಲೆ ಇಡಬಹುದಿತ್ತು, ಮಂಚದ ಕೆಳಗೆ ಇಡಬಹುದಿತ್ತು. ಅವನು ಇಟ್ಟದ್ದು ಬಟ್ಟೆ ಒಗೆಯುವ ಕಲ್ಲಿಗೆ ಆನಿಸಿ, ಅಕ್ಷರ ಮುಂದೆ ಮಾಡಿ. ಅಳಿಯ ಎದ್ದು ಮುಖ ತೊಳೆಯಲು ಬರುವುದು ಅಲ್ಲಿಗೇ.

ಬಂದ. ತಗಡು ನೋಡಿದ. ಮುಖಕ್ಕೆ ನೀರು ಹಾಕಿಕೊಳ್ಳುವುದನ್ನು ಮರೆತು ನಿಂತ. ಅಡಿಗೆಮನೆಯ ಕಿಟಕಿಯಿಂದ ಇಲ್ಲಪ್ಪ ಅದನ್ನೆಲ್ಲ ಕಂಡ, ಕಂಡೂ ಕಾಣದವನ ಹಾಗೆ ಒಳಗೆ ಸರಿದ. 'ನಾನು ಬಾಯಿ ಬಿಟ್ಟಿಲ್ಲ' ಎಂದು ಮನಸ್ಸಿಗೆ ಹೇಳಿಕೊಂಡ. ಬಾಯಿ ಬಿಡದೆ ಮಾಡಿದ ಕಳ್ಳತನಕ್ಕೆ ನಮ್ಮ ಜನ ಎಷ್ಟು ಬೇಗ ಕ್ಷಮೆ ಕೊಟ್ಟುಕೊಳ್ಳುತ್ತಾರೆ ನೋಡಿ!

ಅಳಿಯ ಅಂದು ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡ. ಊಟ ಮುಗಿಸಿ ಅಂಗಿ ಹಾಕಿಕೊಂಡು ಹೊರಗೆ ಹೋದ. ಇಲ್ಲಪ್ಪನಿಗೆ ಜೀವ ತಣ್ಣಗಾಯಿತು.

ಅದು ಸಂಜೆಯವರೆಗೆ ಮಾತ್ರ. ಬೀಡಿಗೆಂದು ಬೀದಿಗೆ ಹೋದವನು ಕ್ಷೌರದಂಗಡಿಯ ಮುಂದೆ ಕಾಲು ಕಿತ್ತಿಡಲಾರದೆ ನಿಂತ. ಅಂಗಡಿಯೊಳಗೆ ಗಿರಣಿಯವರು, ಮೆಟ್ಟಿಲ ಮೇಲೆ ಗಿರಣಿಯವರು, ಪಕ್ಕದ ಗೋಡೆಗೂ ಗಿರಣಿಯವರೇ ಒರಗಿ ನಿಂತಿದ್ದರು. ತಿಂಗಳುಗಟ್ಟಲೆ ಗಡ್ಡ ಬಿಟ್ಟು ತಿರುಗುತ್ತಿದ್ದವರೆಲ್ಲ ಸಾಲಾಗಿ ಗಲ್ಲ ಸವರಿಕೊಳ್ಳುತ್ತಿದ್ದರು. ಕೆಲಸ ಇಲ್ಲದವನು ಗಡ್ಡ ತೆಗೆಸಿದ ಎಂದರೆ ಎಲ್ಲೋ ಕೆಲಸದ ವಾಸನೆ ಬಡಿದಿದೆ ಎಂದೇ ಆ ಊರಿನಲ್ಲಿ ಅರ್ಥ.

"ಏನು ಇಲ್ಲಪ್ಪಾ," ಎಂದು ಕ್ಷೌರದವನು ಕತ್ತಿ ಮೇಲೆತ್ತಿ ಕೂಗಿದ, "ನಾಳೆ ಊರಿಗೆಲ್ಲ ಒಟ್ಟಿಗೇ ಹೆಣ್ಣು ನೋಡೋ ಶಾಸ್ತ್ರವಾ?"

ಎಲ್ಲರೂ ಇಲ್ಲಪ್ಪನ ಮುಖ ನೋಡಿದರು. ಅವನು ಬೀಡಿ ಕೊಳ್ಳದೆ ಹಿಂದಿರುಗಿದ.

ಅಳಿಯ ಜಗಲಿಯ ಮೇಲೆ ಕೂತಿದ್ದ. ಇಲ್ಲಪ್ಪನ ಮೈಯೆಲ್ಲ ಉರಿಯುತ್ತಿತ್ತು. ಕೇಳುವುದಾದರೂ ಹೇಗೆ? 'ನಾನು ಹೇಳದೇ ಇದ್ದ ಮಾತನ್ನ ನೀವ್ಯಾಕೆ ಊರಿಗೆಲ್ಲ ಹೇಳಿದ್ರಿ' ಎನ್ನುವುದೇ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಳಗೆ ಹೋಗಿ ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಪಾತ್ರೆ ತೊಳೆಯುತ್ತ ತಲೆಯೆತ್ತದೆ ಹೇಳಿದಳು: "ನೀವು ಬಾಯಿ ಬಿಟ್ಟು ಹೇಳಿದ್ದಿದ್ರೆ ಅವರು ಬಾಯಿ ಮುಚ್ಕೊಂಡು ಇರ್ತಿದ್ರು. ನೀವು ಬಾಯಿ ಮುಚ್ಕೊಂಡು ತೋರಿಸಿದ್ರಿ, ಅವರು ಬಾಯಿ ಬಿಟ್ರು."

ಸೋಮವಾರ ಬೆಳಿಗ್ಗೆ ಬುತ್ತಿ ತೆಗೆದುಕೊಳ್ಳುವುದನ್ನೂ ಮರೆತು ಅವನು ಓಡೋಡಿ ಗೇಟಿಗೆ ಬಂದ. ಬೀದಿ ಆಗಲೇ ತುಂಬಿತ್ತು. ಗೋಡೆಯಿಂದ ಗೋಡೆಗೆ ಬರೀ ತಲೆ, ಬರೀ ಬೋಳಿಸಿದ ಗಲ್ಲ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಅದೇ ಅವನಿಗೆ ಹೆದರಿಕೆ ತಂದಿತು. ಹೇಗೋ ನುಸುಳಿ ಒಳಗೆ ಹೋಗಿ, ದೊಡ್ಡ ಗೇಟಿನಲ್ಲಿರುವ ಚಿಕ್ಕ ಬಾಗಿಲಿಗೆ ಅಗುಳಿ ಹಾಕಿ, ಸರಳಿನ ಸಂದಿಯಿಂದ ಅಳಿಯನನ್ನು ಹುಡುಕಿದ. ಮುಂದಿನ ಸಾಲಿನಲ್ಲಿ ಇಲ್ಲ. ನಡುವೆ ಇಲ್ಲ. ಎಲ್ಲಕ್ಕಿಂತ ಹಿಂದೆ, ಕ್ಷೌರದಂಗಡಿಯ ಮೆಟ್ಟಿಲ ಹತ್ತಿರ ಅವನಿದ್ದ. ಮಾವ ಮರೆತು ಬಂದ ಬುತ್ತಿ ಡಬ್ಬಿಯನ್ನು ಚೆಲ್ಲದ ಹಾಗೆ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ.

ಇಲ್ಲಪ್ಪ ಕಣ್ಣಿನಲ್ಲೇ ಮುಂದೆ ಬರುವಂತೆ ಸನ್ನೆ ಮಾಡಿದ. ಅಳಿಯ ಬೇಡವೆಂದು ತಲೆಯಾಡಿಸಿದ. ಇಲ್ಲಪ್ಪ ತಗಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ಒರೆಸುತ್ತ ಕಾಲ ತಳ್ಳಿದ. ಗೇಟು ಕಿರುಗುಟ್ಟಿತು. ಮುಂದಿದ್ದವರು ಸರಳಿಗೆ ಒತ್ತಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು.

"ಏನು ನೋಡ್ತಾ ನಿಂತಿದ್ದೀಯ? ಹಾಕು!" ಎಂದು ಹಿಂದಿನಿಂದ ಸೂಪರ್‌ವೈಸರು ಕಿರುಚಿದ.

ತಗಡು ಕೊಕ್ಕೆಗೆ ಬಿದ್ದದ್ದೇ ತಡ, ಬೀದಿಗೆ ಬೀದಿಯೇ ನುಗ್ಗಿತು. ಒಬ್ಬ ಹೆಂಗಸು ಬಿದ್ದಳು, ಯಾರೋ ಎತ್ತಿದರು. ಅಗುಳಿ ತೆಗೆದ ಚಿಕ್ಕ ಬಾಗಿಲಿನಿಂದ ಒಬ್ಬೊಬ್ಬರೇ ತೋಳು ಕಳಚಿದವರ ಹಾಗೆ ಒಳಗೆ ಬಿದ್ದರು. ಏಳನೆಯವನ ಬೆನ್ನ ಹಿಂದೆ ಇಲ್ಲಪ್ಪ ಭುಜ ಕೊಟ್ಟು ಬಾಗಿಲು ತಳ್ಳಿದ. "ಮುಗೀತು! ಇಲ್ಲಪ್ಪ, ಇನ್ನಿಲ್ಲ!" ಎಂದು ಕೂಗಿ ತಗಡು ಬದಲಾಯಿಸಿದ. ಒಂದು ಚಪ್ಪಲಿ ಬಂದು ಬೋರ್ಡಿಗೆ ಬಡಿಯಿತು. ಸ್ವಲ್ಪ ಹೊತ್ತು ಬೈಗುಳ, ಆಮೇಲೆ ಗೊಣಗು. ಆಮೇಲೆ ಜನ ಬಂದ ದಾರಿ ಹಿಡಿದರು.

"ಈಗ ಹೇಳು," ಎಂದ ಸೂಪರ್‌ವೈಸರು, ಬೆವರು ಒರೆಸಿಕೊಳ್ಳುತ್ತ. "ಯಾರು ಬಾಯಿ ಬಿಟ್ಟಿದ್ದು?"

ಇಲ್ಲಪ್ಪನ ಹತ್ತಿರ ಉತ್ತರ ಭಾನುವಾರದಿಂದಲೇ ತಯಾರಿತ್ತು. 'ನಾನು ಯಾರಿಗೂ ಹೇಳಿಲ್ಲ ಸಾರ್.' ಅಕ್ಷರಶಃ ನಿಜವಾದ ಮಾತು. ಅದನ್ನು ಆಡುವ ಮೊದಲೇ ಒಳಗೆ ಬಂದ ಏಳನೆಯವನು, ಅಂಗಿ ಹರಿದ ಗಿರಣಿಯ ಆಸಾಮಿ, ಸಂತೋಷದಲ್ಲಿ ಮೈಮರೆತು ಇಲ್ಲಪ್ಪನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ನಿಮ್ಮ ಅಳಿಯಂದಿರು ದೇವರಂಥವ್ರು! ಮನೆಮನೆ ಬಾಗಿಲಿಗೆ ಬಂದು ಹೇಳಿದ್ರು. ಅವರು ಹೇಳ್ದೇ ಇದ್ದಿದ್ರೆ ನಾನಿವತ್ತು ಮಲಗೇ ಇರ್ತಿದ್ದೆ!"

ಸೂಪರ್‌ವೈಸರು ಇಲ್ಲಪ್ಪನ ಬೆರಳುಗಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಇತ್ತು.

"ನೀನು ಹೇಳಿದ್ಯಾ?"

ತಯಾರಿದ್ದ ಉತ್ತರವನ್ನು ಈಗಲೂ ಆಡಬಹುದಿತ್ತು. ಇಲ್ಲಪ್ಪನಿಗೆ ನಾಚಿಕೆಯಾಯಿತು, ಸಿಕ್ಕಿಬಿದ್ದದ್ದಕ್ಕಲ್ಲ, ಆ ಉತ್ತರವನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಕ್ಕೆ. "ಹೌದು ಸಾರ್, ನಾನೇ," ಎಂದ.

"ಹಾಗಾದ್ರೆ ಇವತ್ತಿಗೆ ನಿನ್ನ ಕೆಲಸ ಮುಗೀತು. ಮಧ್ಯಾಹ್ನದ ಲಾರಿ ಬರೋದ್ರೊಳಗೆ ನಂಗೆ ಗೇಟಿಗೆ ಆಳು ಬೇಕು. ತಗಡು ಹಾಕು. ಯಾರು ಮೊದಲು ಬರ್ತಾರೋ ಅವರ ಕೈಗೆ ಬೀಗದ ಕೈ ಕೊಟ್ಟು ನೀನು ಹೊರಡು." ಅಷ್ಟು ಹೇಳಿ ಸೂಪರ್‌ವೈಸರು ಏಳು ಜನರನ್ನು ಕರೆದುಕೊಂಡು ಒಳಗೆ ಹೋದ.

ಇಲ್ಲಪ್ಪ ಬಾಗಿಲು ತೆರೆದ. ಬೀದಿಯಲ್ಲಿ ಬಿದ್ದಿದ್ದ ಒಂಟಿ ಚಪ್ಪಲಿಗಳನ್ನು ಕ್ಷೌರದವನು ಒಂದು ಕಡೆ ಗುಡಿಸುತ್ತಿದ್ದ. ಅಳಿಯ ಬುತ್ತಿ ಹಿಡಿದು ಗೇಟಿನ ಹತ್ತಿರ ಬಂದ.

"ಮಾವ, ಊಟ ಬಿಟ್ಟು ಬಂದಿದ್ರಿ."

"ಯಾಕೆ ಎಲ್ಲರಿಗೂ ಹೇಳಿದ್ರಿ?" ಎಂದ ಇಲ್ಲಪ್ಪ. ಕೊನೆಗೂ ಬಾಯಿ ಬಿಟ್ಟು ಕೇಳಿದ.

ಅಳಿಯ ನೆಲ ನೋಡಿದ. "ಒಟ್ಟಿಗೆ ಕೆಲಸ ಕಳ್ಕೊಂಡವರು ಮಾವ. ನಾನೊಬ್ಬನೇ ಕದ್ದು ಬಂದು ನಿಂತ್ಕೊಂಡ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ?"

ಇಲ್ಲಪ್ಪ ಕೈ ಎತ್ತಿ 'ಇಲ್ಲ' ತೆಗೆದು 'ಇದೆ' ತಗಲಿಹಾಕಿದ.

"ಮಾವ, ತಪ್ಪು ತಗಡು ಹಾಕ್ತಿದ್ದೀರಿ."

"ಸರಿಯಾಗೇ ಇದೆ."

"ಇನ್ಯಾವ ಕೆಲಸ ಇದೆ?"

ಇಲ್ಲಪ್ಪ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿದ. ಅಳಿಯನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಮಾವ. ನನ್ನಿಂದ... ಇಲ್ಲ, ಇದಾಗಲ್ಲ. ನಾನು ಒಳಗೆ ಹೋಗಿ ಸೂಪರ್‌ವೈಸರ್ ಕಾಲು ಹಿಡೀತೀನಿ."

ಬೀದಿಯ ತುದಿಯಲ್ಲಿ ಯಾರೋ ತಿರುಗಿ ನೋಡಿದರು. ಬೋರ್ಡಿನ ಹಸಿರು ಕಂಡಿತು. ಇಬ್ಬರು ಓಡತೊಡಗಿದರು, ಅವರ ಹಿಂದೆ ಮತ್ತಿಬ್ಬರು. ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಮೊದಲು ಬಂದವರು ಒಳಗೆ, ಅದು ಗೇಟಿನ ಕಾನೂನು. ಮೊದಲು ಬಂದವನು ಎದುರಿಗೇ ನಿಂತು ಬೇಡ ಬೇಡ ಎನ್ನುತ್ತಿದ್ದ.

ಮದುವೆಯಾದ ದಿನದಿಂದ 'ಬನ್ನಿ' ಎಂದೇ ಕರೆದಿದ್ದ ಅಳಿಯನ ರಟ್ಟೆಯನ್ನು ಇಲ್ಲಪ್ಪ ಗಟ್ಟಿಯಾಗಿ ಹಿಡಿದ. "ಬಾರಪ್ಪ," ಎಂದ. ಎಷ್ಟೋ ವರ್ಷಗಳಿಂದ ಆಡದೆ ಬಿಟ್ಟಿದ್ದ ಮಾತು. "ಬಾ, ಒಳಗೆ ಬಾ."

ಅವನನ್ನು ಚಿಕ್ಕ ಬಾಗಿಲಿನೊಳಗೆ ಎಳೆದು, ಬೀಗದ ಕೈ ಕೊಟ್ಟು, ಬುತ್ತಿ ಡಬ್ಬಿ ತಾನು ಇಸಿದುಕೊಂಡು ಇಲ್ಲಪ್ಪ ಹೊರಗೆ ಕಾಲಿಟ್ಟ. ಹಿಂದೆ ಅಗುಳಿ ಬಿದ್ದ ಸದ್ದಾಯಿತು. ಅಷ್ಟರಲ್ಲಿ ಓಡಿ ಬಂದವರು ಗೇಟಿಗೆ ಬಂದು ಬಡಿದರು. ನಾಲ್ವರೂ ಗಿರಣಿಯವರೇ, ಭಾನುವಾರ ಅಳಿಯ ಯಾರ ಬಾಗಿಲು ತಟ್ಟಿದ್ದನೋ ಅವರೇ. ಏದುಸಿರು ಬಿಡುತ್ತ ಬೋರ್ಡಿನ ಕಡೆ ಕೈ ತೋರಿಸಿದರು.

"ಅಣ್ಣಾ, ಕೆಲಸ ಖಾಲಿ ಇದೆಯಾ?"

ಕೇಳಿದ್ದು ಇಲ್ಲಪ್ಪನನ್ನು. ಇಲ್ಲಪ್ಪ ಉತ್ತರ ಕೊಡಲಿಲ್ಲ, ಅದು ಈಗ ಅವನ ಕೆಲಸವಾಗಿರಲಿಲ್ಲ. ಅವನೂ ಅವರ ಜೊತೆಯಲ್ಲೇ ನಿಂತು ಸರಳಿನ ಸಂದಿಯಿಂದ ಒಳಗೆ ನೋಡಿದ. ಒಳಗೆ ಅಳಿಯ ಬೀಗದ ಕೈ ಹಿಡಿದು ನಿಂತಿದ್ದ. ಅವನು ಗೆಳೆಯರ ಮುಖ ನೋಡಿದ, ಮಾವನ ಮುಖ ನೋಡಿದ.

ಕೊನೆಗೆ ಕೈ ಮೇಲೆತ್ತಿ ಹಸಿರು ತಗಡನ್ನು ಕಳಚುತ್ತ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದ:

"ಇಲ್ಲಪ್ಪ."