ತಂಗಿ ಬಣ್ಣ ಹೊಡೆದ ಬಾಗಿಲು

ನನ್ನ ತಂಗಿ ಕುಲಶೇಖರದ ತನ್ನ ಮನೆಯ ಗ್ಯಾರೇಜಿನಲ್ಲಿ ಗಂಡನ ಹಳೆಯ ಕಾರಿಗೆ ತಾನೇ ಬಣ್ಣ ಹೊಡೆದಳೆಂಬ ಸುದ್ದಿ ನನಗೆ ತಿಳಿದದ್ದು ಅಮ್ಮನಿಂದ. ಅಮ್ಮ ಇರುವುದು ನನ್ನ ಜೊತೆ, ಶಕ್ತಿನಗರದಲ್ಲಿ. ಆ ದಿನ ನಾನು ಬಂದರಿನ ದಕ್ಕೆಯಿಂದ ಮೀನು ತಂದು, ಮನೆಮನೆಗೆ ಕೊಟ್ಟು ಬಂದು, ಹಿತ್ತಲಿನ ನಳ್ಳಿಯಲ್ಲಿ ಕೈಕಾಲು ತೊಳೆಯುತ್ತಿದ್ದೆ. ಅಮ್ಮ ಫೋನು ಹಿಡಿದುಕೊಂಡು ಅಲ್ಲಿಗೇ ಬಂದರು.

"ನೋಡು, ನಿನ್ನ ತಂಗಿ ಮಾಡಿದ್ದು. ಏತ್ ಪೊರ್ಲು! ಅದರಲ್ಲಿ ನಮ್ಮ ಮುಖ ಕಾಣ್ತದೆ ಮಾರಾಯ್ತಿ."

ಹೌದು, ಚಂದವೇ ಇತ್ತು. ಕಡುಗೆಂಪು ಬಣ್ಣ. ಬಾನೆಟ್ಟಿನ ಮೇಲೆ ಅವಳ ಮನೆಯ ತೆಂಗಿನ ಮರದ ನೆರಳು ಗರಿಗರಿಯಾಗಿ ಬಿದ್ದಿತ್ತು. ಕಾರಿನ ಪಕ್ಕದಲ್ಲಿ ಅವಳು ಮೂಗಿನ ಮೇಲೆ ಮಾಸ್ಕ್ ಏರಿಸಿಕೊಂಡು, ಕೈಯಲ್ಲಿ ಸ್ಪ್ರೇ ಗನ್ ಹಿಡಿದು ನಗುತ್ತಿದ್ದಳು. ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂತು ಕೆಲಸ ಮಾಡುವವಳಿಗೆ ಇದೆಲ್ಲ ಎಂತಕ್ಕೆ ಬೇಕು ಎಂದು ಕೇಳಬೇಕೆನಿಸಿತು. ಆದರೆ "ಒಳ್ಳೆಯದಾಯ್ತು" ಎಂದು ಹೇಳಿ ಮುಖ ಒರೆಸಿಕೊಂಡೆ.

ಅಂಗಳದಲ್ಲಿ ನನ್ನ ಓಮ್ನಿ ನಿಂತಿತ್ತು. ನೀಲಿ ಬಣ್ಣದ್ದು ಎಂದು ಆರ್.ಸಿ.ಯಲ್ಲಿ ಬರೆದಿರುವುದರಿಂದ ಅದನ್ನು ನೀಲಿ ಎನ್ನಬೇಕು, ಅಷ್ಟೆ. ವರ್ಷಗಟ್ಟಲೆ ಮಂಜುಗಡ್ಡೆಯ ಉಪ್ಪು ನೀರು ಸೋರಿ ಸೋರಿ ಬಾಗಿಲುಗಳ ಬುಡವೆಲ್ಲ ತುಕ್ಕು ತಿಂದಿತ್ತು. ಮುಟ್ಟಿದರೆ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಅಲ್ಲಿಯವರೆಗೆ ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡವಳೇ ಅಲ್ಲ. ಬಂಗುಡೆ, ಬೂತಾಯಿ ಮೀನು ಹೊರುವ ಗಾಡಿಗೆ ಎಂತ ಚಂದ? ಆದರೆ ಆ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಕಣ್ಣು ಮತ್ತೆ ಮತ್ತೆ ಬಾಗಿಲಿನಾಚೆ ಹೋಗುತ್ತಿತ್ತು. ತಟ್ಟೆ ತೊಳೆಯುವಷ್ಟರಲ್ಲಿ ನಿಶ್ಚಯವಾಗಿತ್ತು. ನಾನೂ ಹೊಡೆಯುತ್ತೇನೆ. ಅವಳ ಹತ್ತಿರ ಒಂದು ಮಾತೂ ಕೇಳದೆ.

ಈ ಹೊಟ್ಟೆಕಿಚ್ಚು ಹೊಸದಲ್ಲ. ನಾವು ಹುಟ್ಟಿದ್ದು ಬೆಂಗ್ರೆಯಲ್ಲಿ, ಕಡಲಿಗೆ ಹೋಗುವವರ ಮನೆಯಲ್ಲಿ. ಮಳೆಗಾಲದಲ್ಲಿ ಅಪ್ಪನ ದೋಣಿ ದಡಕ್ಕೆ ಬಂತೆಂದರೆ ಅದಕ್ಕೆ ಬಣ್ಣ ಬಳಿಯುವ ಕೆಲಸ ಮನೆಯವರದೇ. ದೋಣಿಯ ಅಡಿಗೆ ಹಿಡಿದ ಚಿಪ್ಪು, ಪಾಚಿ, ಸಿಪ್ಪೆ ಎದ್ದ ಹಳೆಯ ಬಣ್ಣ ಎಲ್ಲವನ್ನೂ ಹೆರೆದು ತೆಗೆಯುವವಳು ನಾನು. ಕೈಯಲ್ಲಿ ಬೊಬ್ಬೆ ಏಳುತ್ತಿತ್ತು. ಎಲ್ಲ ಮುಗಿದ ಮೇಲೆ, ದೋಣಿಯ ಮೂತಿಯ ಎರಡೂ ಬದಿ ದೇವರ ಹೆಸರು ಬರೆಯಲು ಅಪ್ಪ ಸಣ್ಣ ಬ್ರಷ್ ಕೊಡುತ್ತಿದ್ದದ್ದು ತಂಗಿಗೆ. "ಅವಳ ಕೈ ನಡುಗುದಿಲ್ಲ" ಎನ್ನುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಆ ಅಕ್ಷರ ನೋಡಿ ತಲೆದೂಗುತ್ತಿದ್ದರು. ನಯವಾದ ಹಲಗೆಯನ್ನು ನೋಡಿ ಯಾರೂ ಏನೂ ಹೇಳಿದ್ದು ನನಗೆ ನೆನಪಿಲ್ಲ.

ಡಿಸೆಂಬರ್ ಕೊನೆಗೆ, ನನ್ನ ಗಂಡ ಟ್ರಾಲ್ ಬೋಟಿನಲ್ಲಿ ಸಮುದ್ರಕ್ಕೆ ಹೋದ ಮೇಲೆ ಕೆಲಸ ಶುರು ಮಾಡಿದೆ. ಅವರು ಇದ್ದಿದ್ದರೆ, ಗ್ಯಾರೇಜಿಗೆ ಕೊಟ್ಟು ಸುಮ್ಮನಿರು ಎನ್ನುತ್ತಿದ್ದರು. ಮನೆಯ ಪಕ್ಕ ಶೀಟು ಹಾಕಿದ ಶೆಡ್ಡೊಂದು ಇದೆ. ಅದೇ ನಮ್ಮ ಗ್ಯಾರೇಜು. ಮೂರು ಬದಿಗೆ ಟಾರ್ಪಾಲು ಕಟ್ಟಿದೆ. ಮೀನು ಕೊಡಲು ಅಷ್ಟು ದಿನ ಗುರುತಿನ ರಿಕ್ಷಾದವರನ್ನು ಕರೆದೆ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಗಾಡಿ ಉಜ್ಜುವುದು. ತುಕ್ಕು ಹೋಗುವವರೆಗೆ ಒರಟು ಕಾಗದ, ಹೊಂಡ ಬಿದ್ದಲ್ಲಿ ಪುಟ್ಟಿ, ಪುಟ್ಟಿ ಒಣಗಿದ ಮೇಲೆ ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಮತ್ತೆ ಉಜ್ಜುವುದು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ಏರುತಗ್ಗು ತಾಗಬಾರದು. ಆ ಕೆಲಸ ನನಗೆ ಚೆನ್ನಾಗಿ ಬಂತು. ಬೂದು ಬಣ್ಣದ ಪ್ರೈಮರನ್ನು ಬ್ರಷ್ಷಿನಲ್ಲಿ ಬಳಿದು ಮತ್ತೆ ಉಜ್ಜಿದಾಗ ಗಾಡಿ ಎಷ್ಟು ನಯವಾಗಿ ಕಂಡಿತೆಂದರೆ, ತಂಗಿಯ ಕಾರಿನ ಫೋಟೊ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಇನ್ನು ಬಣ್ಣ ಬಿದ್ದರೆ ಅವಳದ್ದು ಇದರ ಮುಂದೆ ಎಂತದೂ ಅಲ್ಲ ಎಂದುಕೊಂಡೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಉಳಿದಿದ್ದ ಬಣ್ಣ ತೋರಿಸಿ ಅದೇ ನೀಲಿಯನ್ನು ಅಂಗಡಿಯಲ್ಲಿ ಬೆರೆಸಿ ತಂದೆ. ಗಾಳಿ ತುಂಬುವ ಕಂಪ್ರೆಸರು, ಸ್ಪ್ರೇ ಗನ್ ಎರಡೂ ಬಾಡಿಗೆಗೆ ಸಿಕ್ಕಿದವು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿ, ಗಾಜುಗಳಿಗೆ ಪೇಪರು ಅಂಟಿಸಿ, ತಲೆಗೆ ಬಟ್ಟೆ ಕಟ್ಟಿ ಗನ್ ಹಿಡಿದೆ. ಮೊದಲ ಸಲ ಕೀಲಿ ಒತ್ತಿದಾಗ ಬಣ್ಣ ಮಂಜಿನಂತೆ ಹಾರಿ ತಗಡಿನ ಮೇಲೆ ಕೂತದ್ದು ನೋಡಿ ಮೈ ಜುಮ್ಮೆಂದಿತು. ಆ ಖುಷಿ ಬಲಬದಿಯ ಬಾಗಿಲು ಮುಗಿಯುವವರೆಗೂ ಉಳಿಯಲಿಲ್ಲ. ಕೈ ಒಂದು ಕ್ಷಣ ನಿಂತರೆ ಅಲ್ಲಿ ಬಣ್ಣ ದಪ್ಪವಾಗಿ ಮೇಣದ ಹಾಗೆ ಕೆಳಗಿಳಿಯುತ್ತಿತ್ತು. ಹೆದರಿ ದೂರ ಹಿಡಿದರೆ ಗಾಳಿಯಲ್ಲೇ ಒಣಗಿ, ಬಿದ್ದಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಎಲ್ಲಿಂದಲೋ ಒಂದು ಸೊಳ್ಳೆ ಬಂದು ಬಾನೆಟ್ಟಿನ ನಡುವೆ ಕೂತಿತು. ತೆಗೆಯಲು ಹೋದರೆ ಅದರ ಕಾಲು ಅಲ್ಲಿಯೇ ಉಳಿಯಿತು, ನನ್ನ ಬೆರಳಿನ ಗುರುತೂ ಉಳಿಯಿತು. ಹಿಂದಿನ ಬಾಗಿಲು ಅರ್ಧ ಆದಾಗ ಕರೆಂಟು ಹೋಯಿತು. ಅದು ಬರುವ ಹೊತ್ತಿಗೆ ಅರ್ಧ ಒಣಗಿ, ನಡುವೆ ಗೆರೆ ಎಳೆದ ಹಾಗೆ ಕಂಡಿತು. ಇದರ ಮೇಲೆ ಆಚೆಮನೆಯವರು ತರಗೆಲೆಗೆ ಬೆಂಕಿ ಹಾಕಿದರು. ಬೂದಿ ಟಾರ್ಪಾಲಿನ ಸಂದಿಯಿಂದ ಮೆಲ್ಲಗೆ ಒಳಗೆ ಬಂದು ಕೂತಿತು.

ಅಮ್ಮ ಥಿನ್ನರ್ ವಾಸನೆಗೆ ಕೆಮ್ಮುತ್ತ, ಸೆರಗು ಮೂಗಿಗೆ ಒತ್ತಿಕೊಂಡು ಬಂದು ನೋಡಿದರು.

"ಇದು ಎಂತ ಹೀಗೆ? ಅವಳದ್ದು ಹೀಗೆ ಇರ್ಲಿಲ್ಲ ಅಲ್ವಾ?"

"ಒಣಗಿದ ಮೇಲೆ ಸರಿ ಆಗ್ತದೆ."

"ಅವಳಿಗೆ ಒಂದು ಫೋನ್ ಮಾಡ್ತೇನೆ."

"ಬೇಡ ಅಮ್ಮ. ಮಾಡಬೇಡಿ."

ಒಣಗಿದ ಮೇಲೆ ಏನೂ ಸರಿಯಾಗಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಗಾಳಿಯಲ್ಲಿ ಪಸೆ ಏರಿತು. ಅಂತಹ ದಿನ ಬಣ್ಣ ಹೊಡೆದರೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಕವಿಯುತ್ತದೆ ಎಂದು ವೀಡಿಯೊ ನೋಡಿ ತಿಳಿದಿದ್ದೆ. ಎಡಬದಿಯ ಸರಿಯುವ ಬಾಗಿಲೊಂದು ಬಾಕಿ ಇರುವಂತೆಯೇ ಕೆಲಸ ನಿಲ್ಲಿಸಿದೆ. ಅಮ್ಮ ಫೋನು ಮಾಡಿಯೇಬಿಟ್ಟಿದ್ದರು. ಬಿಸಿಲು ಬಂದ ಭಾನುವಾರ ಬೆಳಿಗ್ಗೆ ತಂಗಿ ಗೇಟು ತೆಗೆದು ಒಳಗೆ ಬಂದಳು. ಕೈಯಲ್ಲಿ ಅವಳದೇ ಸ್ಪ್ರೇ ಗನ್ನು ಇತ್ತು.

"ಅಕ್ಕ, ನನಗೆ ಹೇಳುದಲ್ವಾ? ಇಬ್ಬರೂ ಸೇರಿ ಮಾಡ್ತಿದ್ದೆವು" ಎಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು. ಇಳಿದ ಬಣ್ಣ, ಸೊಳ್ಳೆಯ ಕಾಲು, ನಡುವಿನ ಗೆರೆ, ಎಲ್ಲ ಕಂಡಿರಬೇಕು. ಅದರ ಬಗ್ಗೆ ಏನಾದರೂ ಹೇಳಿದ್ದರೆ ನಾನು ಜಗಳ ಮಾಡಿ ಕಳಿಸಿಬಿಡುತ್ತಿದ್ದೆ. ಬಾಕಿ ಇದ್ದ ಬಾಗಿಲಿನ ಮೇಲೆ ಅಂಗೈ ಆಡಿಸಿ, "ಇದೊಂದು ನಾನು ಹೊಡೀಲಾ?" ಎಂದು ಕೇಳಿದಳು. ಅಮ್ಮ ಅಷ್ಟರಲ್ಲೇ ಕುರ್ಚಿ ತಂದು ಹಾಕಿಕೊಂಡು ಕೂತಾಗಿತ್ತು.

ಹೊಡೆ ಎಂದೆ. ಒಳಗೊಳಗೇ ಬೇಡಿಕೊಂಡೆ, ಇವಳಿಗೂ ಸೊಳ್ಳೆ ಕೂರಲಿ, ಇವಳಿಗೂ ಕರೆಂಟು ಹೋಗಲಿ ಎಂದು. ಸೊಳ್ಳೆ ಬರಲಿಲ್ಲ. ಕರೆಂಟೂ ಹೋಗಲಿಲ್ಲ. ಅವಳ ಕೈ ಬಾಗಿಲಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ಅಂಚು ದಾಟಿದ ಮೇಲೆಯೇ ಅವಳು ಗನ್ನಿನ ಕೀಲಿ ಬಿಡುತ್ತಿದ್ದಳು. ಒಂದು ಕೋಟು ಹೊಡೆದು, ಚಹಾ ಕುಡಿದು, ಇನ್ನೊಂದು ಕೋಟು. ಸಂಜೆಯ ಬಿಸಿಲು ಶೆಡ್ಡಿನೊಳಗೆ ಬಿದ್ದಾಗ ಆ ಬಾಗಿಲಿನಲ್ಲಿ ಅಮ್ಮನ ಕುರ್ಚಿ, ಅಮ್ಮ, ಹಿಂದಿನ ಪಪ್ಪಾಯಿ ಗಿಡ ಎಲ್ಲವೂ ಕಂಡವು.

"ನೋಡಿ, ನೋಡಿ!" ಎಂದು ಅಮ್ಮ ಚಪ್ಪಾಳೆ ತಟ್ಟಿದರು. ನಾನು ಮಾಡಿದ ಉಳಿದ ಗಾಡಿಗೆ ಯಾವಾಗಲಾದರೂ ಚಪ್ಪಾಳೆ ತಟ್ಟಿದ್ದರೇ?

ತಂಗಿ ಗನ್ ತೊಳೆಯುತ್ತ ಹೇಳಿದಳು, "ಇದು ನಂದಲ್ಲ ಅಮ್ಮ, ಅಕ್ಕ ಉಜ್ಜಿದ್ದು ಹಾಗೆ ಉಂಟು. ಅಡಿ ಕೆಲಸ ಇಷ್ಟು ಚಂದ ಆದ್ರೆ ಯಾರು ಹೊಡೆದ್ರೂ ಬರ್ತದೆ. ನನ್ನ ಕಾರಿಗೂ ಅಕ್ಕನೇ ಉಜ್ಜಿ ಕೊಟ್ಟಿದ್ರೆ ಎಷ್ಟು ಒಳ್ಳೆದಿತ್ತು."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ನನಗೆ ಗೊತ್ತಿತ್ತು. ಆದರೂ ನನ್ನ ಕಿವಿಗೆ ಬಿದ್ದದ್ದು ಬೇರೆ: ನೀನು ಹೆರೆಯುತ್ತಿರು, ಹೆಸರು ನಾನು ಬರೆಯುತ್ತೇನೆ. ಯಾರು ಹೊಡೆದರೂ ಬರುತ್ತದೆ ಎಂದಾದರೆ, ನಾನು ಹೊಡೆದದ್ದು ಯಾಕೆ ಬರಲಿಲ್ಲ?

ಮರುದಿನದಿಂದ ಓಮ್ನಿ ಮತ್ತೆ ದಾರಿಗಿಳಿಯಿತು. ಮೀನು ಕೊಡಲು ನಾನು ತೆರೆಯುವುದು ಎಡಬದಿಯ ಬಾಗಿಲನ್ನೇ. ಗಿರಾಕಿಗಳು ಪಾತ್ರೆ ಹಿಡಿದು ಬಂದು ನಿಲ್ಲುವುದೂ ಅದರ ಮುಂದೆಯೇ. ಪಡೀಲಿನ ಹಳೆಯ ಗಿರಾಕಿಯೊಬ್ಬರು, ದಿನವೂ ಬೂತಾಯಿಯ ಕಣ್ಣು ನೋಡಿಯೇ ಕೊಳ್ಳುವವರು, ಆ ದಿನ ಮೀನು ಬಿಟ್ಟು ಬಾಗಿಲು ನೋಡಿದರು.

"ಪೇಂಟ್ ಮಾಡ್ಸಿದ್ದಾ? ಎಲ್ಲಿ ಕೊಟ್ಟದ್ದು? ಲಾಯ್ಕ್ ಆಗಿದೆ ಮಾರಾಯ್ತಿ."

"ಮನೆಯಲ್ಲೇ ಮಾಡಿದ್ದು" ಎಂದೆ. ಅವರು ಹಾಗೆಯೇ ಗಾಡಿಗೆ ಸುತ್ತು ಹಾಕಿ ಆಚೆ ಬದಿಗೆ ಹೋದರು. ಅಲ್ಲಿಂದಲೇ ಕೇಳಿದರು, "ಈ ಬದಿ ಬೇರೆಯವರು ಮಾಡಿದ್ದಾ?"

ಇಂತಹದ್ದೇ ಮಾತು ಇನ್ನೂ ಕೆಲವು ಮನೆಗಳ ಮುಂದೆ ಕೇಳಿದೆ. ಆ ಬಾಗಿಲು ಅಷ್ಟು ಚೆನ್ನಾಗಿ ಇಲ್ಲದಿದ್ದರೆ ಉಳಿದದ್ದು ಅಷ್ಟು ಕೆಟ್ಟದಾಗಿ ಕಾಣುತ್ತಲೇ ಇರಲಿಲ್ಲ. ಪ್ರತಿ ಮನೆಯ ಮುಂದೆ ಅದನ್ನು ಸರಿಸಿ ತೆರೆಯುವಾಗ ತಂಗಿಯೇ ನನ್ನ ಪಕ್ಕದಲ್ಲಿ ನಿಂತು ಮೀನು ತೂಗುತ್ತಿದ್ದ ಹಾಗೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಬಕೆಟಿನಲ್ಲಿ ನೀರು ತಂದು, ವಾಟರ್ ಪೇಪರ್ ಅದ್ದಿ ಆ ಬಾಗಿಲಿನ ಮುಂದೆ ಕೂತೆ. ಮೊದಲ ಸಲ ಉಜ್ಜಿದಾಗಲೇ ಹೊಳಪು ಹೋಯಿತು. ನನ್ನ ಮುಖ ಮಸುಕಾಯಿತು. ನೀಲಿ ನೀರು ಮೊಣಕೈಯವರೆಗೆ ಇಳಿಯಿತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಇಡೀ ಬಾಗಿಲು ಮಂಕಾದ ಮೇಲೆ ಒರೆಸಿ, ಒಣಗಿಸಿ, ಮತ್ತೆ ಬಾಡಿಗೆಗೆ ತಂದಿಟ್ಟಿದ್ದ ಕಂಪ್ರೆಸರು ಚಾಲೂ ಮಾಡಿದೆ. ಆ ಸದ್ದಿಗೆ ಅಮ್ಮ ಎದ್ದು ಬಂದರು. ಬಾಗಿಲು ನೋಡಿದರು, ನನ್ನನ್ನು ನೋಡಿದರು.

"ನಿನಗೆ ಎಂತಾಗಿದೆ?"

ನಾನು ಗನ್ ಎತ್ತಿ ಬಣ್ಣ ಹೊಡೆದೆ. ಕೈಯನ್ನು ತಂಗಿಯ ಹಾಗೆಯೇ ಅಂಚಿನಿಂದ ಅಂಚಿಗೆ ಆಡಿಸಲು ನೋಡಿದೆ. ಒಂದು ಮೂಲೆಯಲ್ಲಿ ಬಣ್ಣ ಇಳಿಯಿತು, ನಡುವೆ ಸ್ವಲ್ಪ ತರಿ ಬಂತು. ಮುಖ ಕಾಣಲಿಲ್ಲ. ಆದರೆ ಈಗ ಗಾಡಿ ಎಲ್ಲ ಬದಿಯಿಂದಲೂ ಒಂದೇ ಥರ ಇತ್ತು, ಪೂರ್ತಿ ನನ್ನದಾಗಿತ್ತು.

ಮುಂದಿನ ಸಲ ತಂಗಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಅವಳು ನೇರ ಒಳಗೆ ಬಂದಳು.

"ಬಾಗಿಲಿಗೆ ಎಂತ ಆಯ್ತು?"

ಗೀರು ಬಿತ್ತು ಎನ್ನಲು ಹೊರಟವಳು ಅಮ್ಮನ ಮುಖ ನೋಡಿ ನಿಲ್ಲಿಸಿದೆ. "ಎಂತದೂ ಆಗ್ಲಿಲ್ಲ. ನಾನೇ ಉಜ್ಜಿ ತೆಗೆದೆ."

"ಎಂತಕ್ಕೆ? ನಾನು ಮಾಡಿದ್ದು ಸರಿ ಇರ್ಲಿಲ್ವಾ?"

"ಇತ್ತು. ತುಂಬಾ ಚಂದ ಇತ್ತು. ಅದಕ್ಕೇ ತೆಗೆದೆ."

ಅವಳ ಮುಖ ಕೆಂಪಾಯಿತು. "ಒಂದು ಭಾನುವಾರ ಇಡೀ ನಿಂತು ಮಾಡಿದ್ದು ನಾನು. ನನಗೆ ಇರುದೇ ಅದೊಂದು ರಜೆ. ನಿನಗೆ ಬೇಡದಿದ್ರೆ ಆಗ್ಲೇ ಹೇಳ್ಬಹುದಿತ್ತಲ್ವಾ? ಹುಚ್ಚು ನಿನಗೆ." ಚಹಾ ಕುಡಿಯದೆ ಹೊರಟುಹೋದಳು. ಅಮ್ಮ ಅವಳ ಹಿಂದೆ ಗೇಟಿನವರೆಗೆ ಹೋಗಿ ಒಬ್ಬರೇ ತಿರುಗಿ ಬಂದರು.

ಅವಳು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲದರಲ್ಲೂ ಒಳ್ಳೆಯವಳೆನಿಸಿಕೊಂಡವಳು ಅಂದು ಗೇಟನ್ನು ದಡಾರನೆ ಹಾಕಿಕೊಂಡು ಹೋದಾಗ ನನಗೆ ಬೇಜಾರಾಯಿತು, ಒಂದು ಬಗೆಯ ಸಮಾಧಾನವೂ ಆಯಿತು. ಎರಡೂ ಒಟ್ಟಿಗೆ. ಅಮ್ಮ ಮಾತ್ರ ಕೆಲವು ದಿನ ನನ್ನ ಹತ್ತಿರ ಊಟಕ್ಕೆ ಕರೆಯುವಷ್ಟೇ ಮಾತಾಡಿದರು.

ಶಿವರಾತ್ರಿ ಕಳೆದ ಮೇಲೆ ತಂಗಿಯೇ ಫೋನು ಮಾಡಿದಳು. ಅವಳ ಗಂಡ ಗಲ್ಫಿನಿಂದ ರಜೆಯಲ್ಲಿ ಬರುವವರಿದ್ದರು. "ಅಂಜಲ್ ಸಿಗ್ತದಾ ಅಕ್ಕ? ದೊಡ್ಡದು ಬೇಕು" ಎಂದಳು, ನಡುವೆ ಏನೂ ಆಗದವರ ಹಾಗೆ. ದಕ್ಕೆಯಲ್ಲಿ ಆ ದಿನ ಬಂದ ಅಂಜಲ್ ಮೀನಿನಲ್ಲಿ ಒಳ್ಳೆಯದನ್ನೇ ಆರಿಸಿದೆ. ಕುಲಶೇಖರದ ಅವಳ ಮನೆ ಮುಂದೆ ನಿಲ್ಲಿಸಿದಾಗ ಪಾತ್ರೆ ಹಿಡಿದು ಬಂದಳು. ಬಾಗಿಲು ತೆರೆಯುವ ಮೊದಲು ಅದರ ಮೇಲೆ ಅಂಗೈ ಇಟ್ಟಳು.

"ಇದು ಆ ಬದಿಗಿಂತ ಪರವಾಗಿಲ್ಲ. ಕೈ ಬಂದಿದೆ ನಿನಗೆ."

ಆ ಮಾತಿನಲ್ಲಿ ಕನಿಕರವೋ ಕುಹಕವೋ ಇದೆಯೇ ಎಂದು ಹುಡುಕಿದೆ. ಎರಡೂ ಸಿಗಲಿಲ್ಲ. "ಹೌದಾ" ಎಂದೆ. ಮೀನು ತುಂಡು ಮಾಡಿ ಕೊಟ್ಟೆ. ಅವಳು ಒಳಗೆ ಪಾತ್ರೆ ಇಟ್ಟು ಬರುವಷ್ಟರಲ್ಲಿ ಗ್ಯಾರೇಜಿನ ಬಾಗಿಲ ಬಳಿ ನಿಂತು ಅವಳ ಕೆಂಪು ಕಾರನ್ನು ನೋಡಿದೆ. ಮೊದಲ ಸಲ ಅದನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದೆ. ಫೋಟೊದಲ್ಲಿ ಇದ್ದದ್ದಕ್ಕಿಂತಲೂ ಚಂದವಿತ್ತು. ಬಗ್ಗಿ ನೋಡಿದೆ, ಸುತ್ತ ಬಂದು ನೋಡಿದೆ. ಹಿಂದಿನ ಬಂಪರಿನ ಪಕ್ಕದಲ್ಲಿ, ಬೆಳಕು ಬೀಳದ ಕಡೆ, ಬಣ್ಣ ಒಂದು ಬೆರಳಿನಷ್ಟು ಇಳಿದು ಹಾಗೆಯೇ ಒಣಗಿ ನಿಂತಿತ್ತು. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ನಾನು ಅದರ ಮೇಲೆ ಒಮ್ಮೆ ಬೆರಳಾಡಿಸಿದೆ. ಅಲ್ಲಿಂದ ಪಡೀಲ್ ಮುಟ್ಟುವವರೆಗೂ ಗಾಡಿ ಓಡಿಸುತ್ತ ಒಬ್ಬಳೇ ನಗುತ್ತಿದ್ದೆ.