ಇಳಕಲ್ಲಿನ ನಿರಾಕರಣೆ

ಕಪಾಟು ತೆರೆದಾಗ ನುಸಿಗುಳಿಗೆಯ ವಾಸನೆಯೊಡನೆ ಒಂದು ಹಳೆಯ ಕಡತ ಕೈಗೆ ಬಂತು. ಹದಿನಾಲ್ಕು ವರ್ಷಗಳ ಹಿಂದೆ, ಬಾಗಲಕೋಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ನಾನು ಬರೆದ ಪ್ರೋಗ್ರಾಮಿನ ಮುದ್ರಿತ ಪ್ರತಿ. ನೆಟ್‌ವರ್ಕಿನ ಹಂಗಿಲ್ಲದೆ, ಬ್ಲೂಟೂತ್ ಮೂಲಕ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಸೀರೆಯಂಚಿನ ವಿನ್ಯಾಸ ಕಳಿಸುವ ಪ್ರೋಗ್ರಾಮು ಅದು. ಕಳಿಸುವವನು ಕೇಳಬೇಕು, ಪಡೆಯುವವನು ಗುಂಡಿ ಒತ್ತಿ ಒಪ್ಪಬೇಕು; ಒಪ್ಪದಿದ್ದರೆ ಒಂದು ಚುಕ್ಕೆಯೂ ದಾಟದು.

ಮೊದಲ ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಇಳಕಲ್ಲಿನ ನೇಕಾರ ದಸ್ತಗೀರನನ್ನು. ನನಗಿಂತ ಹತ್ತು ವರ್ಷ ಚಿಕ್ಕವನು. ನನಗಿದ್ದ ಒಬ್ಬನೇ ಗೆಳೆಯ. ಅವಮಾನಗಳನ್ನು ತಾರೀಖು ಸಮೇತ ನೆನಪಿಡುವ ನನ್ನೊಡನೆ ಬೇರೆ ಯಾರೂ ಬಹುಕಾಲ ಬಾಳಲಿಲ್ಲವೆಂಬುದನ್ನು ನೀವು ಊಹಿಸಬಲ್ಲಿರಿ. ಹಿಂದಿನ ವಾರ ಅವನು ನಕ್ಕು ಕೇಳಿದ್ದ: “ಸರ, ನಿಮ್ಮ ಫೋನ ಸೀರಿ ನೇಯ್ತದೇನ್ರಿ?” ಅದನ್ನೂ ಬರೆದಿಟ್ಟುಕೊಂಡಿದ್ದೆ.

ಅವನ ಪಡಸಾಲೆಯಲ್ಲಿ ಕುಳಿತು, ಒಳಗೆ ಮಗ್ಗದ ಬಳಿಯಿದ್ದ ಅವನ ಫೋನಿಗೆ ವಿನ್ಯಾಸ ಕಳಿಸಿದೆ. ‘ನಿರಾಕರಿಸಲಾಗಿದೆ’ ಎಂದು ನನ್ನ ಪರದೆ ತೋರಿಸಿತು. ಮೂರು ಸಲವೂ ಅದೇ. ಹನ್ನೆರಡು ಹೆಜ್ಜೆ ದೂರದಲ್ಲಿ ಕುಳಿತು ಮೂರು ಸಲ ಬೇಡವೆಂದನಲ್ಲ! ಅವನ ಹೆಂಡತಿ ತಂದಿಟ್ಟ ಚಹಾ ಮುಟ್ಟದೆ ಎದ್ದು ಹುನಗುಂದದ ಬಸ್ಸು ಹತ್ತಿದೆ. ಆಮೇಲೆ ಅವನು ಮಾಡಿದ ಫೋನುಗಳಲ್ಲಿ ಒಂದನ್ನೂ ಎತ್ತಲಿಲ್ಲ. ಕೆಲವು ತಿಂಗಳಲ್ಲಿ ಅವೂ ನಿಂತವು. ಈಗ ಬಾಗಲಕೋಟೆಯ ನವನಗರದ ಈ ಮನೆಯಲ್ಲಿ ನಾನು ದಿನಕ್ಕೊಮ್ಮೆ ಬಾಯಿ ತೆರೆದರೆ ಹೆಚ್ಚು, ಅದೂ ಹಾಲಿನವನೊಡನೆ.

ಇಂದು ಕಡತವನ್ನು ಸಾಲುಸಾಲಾಗಿ ಓದಿದೆ. ಅವನ ಅಪರಾಧಕ್ಕೆ ಸಾಕ್ಷಿ ಸಿಕ್ಕೀತೆಂಬ ಆಸೆ ಇಲ್ಲದಿರಲಿಲ್ಲ. ಸಿಕ್ಕಿದ್ದು ನನ್ನದೇ ಒಂದು ಸಾಲು. ಎದುರಿನವನು ಬೇಡವೆಂದರೆ ಒಂದು ಸಂಕೇತ ಬರುತ್ತದೆ. ಗುಂಡಿಯನ್ನೇ ಮುಟ್ಟದಿದ್ದರೆ ಏನೂ ಬರುವುದಿಲ್ಲ. ಇಪ್ಪತ್ತು ಸೆಕೆಂಡು ಏನೂ ಬಾರದಿದ್ದರೂ ‘ನಿರಾಕರಿಸಲಾಗಿದೆ’ ಎಂದೇ ತೋರಿಸುವಂತೆ ನಾನೇ ಬರೆದಿದ್ದೆ. ಎರಡಕ್ಕೂ ಬೇರೆ ಬೇರೆ ಮಾತು ಬೇಕೆಂದು ನನಗೆ ತೋಚಿರಲಿಲ್ಲ.

ಫೋನು ಮಾಡಿದೆ. ಅವನ ಸಂಖ್ಯೆ ಬದಲಾಗಿರಲಿಲ್ಲ. ಕ್ಷೇಮ ಕೂಡ ವಿಚಾರಿಸದೆ, ಅಂದು ಗುಂಡಿ ಏಕೆ ಒತ್ತಲಿಲ್ಲವೆಂದು ಕೇಳಿದೆ.

“ಸೆರಗಿನ ನೂಲಿಗೆ ಸೀರಿ ಮೈಯ ನೂಲು ಒಂದೊಂದ ಕೊಂಡಿ ಹಾಕಾಕತ್ತಿದ್ನಿ ಸರ, ನಡುವ ಕೈ ಬಿಡಾಕ ಬರೂದಿಲ್ಲಲ್ರಿ. ತಡೀರಿ ಅಂತ ಒದರಿದ್ನಿ. ಬಾಜೂಕ ನಮ್ಮಣ್ಣನ ಮಗ್ಗದ ಸಪ್ಪಳದಾಗ ನಿಮಗ ಕೇಳಲಿಲ್ಲೇನೋ. ಮುಗಿಸಿ ಹೊರಗ ಬಂದ್ರ ನೀವ ಇರಲಿಲ್ಲ. ಚಾ ಹಂಗ ಇತ್ತು.” ಆಮೇಲೆ ಕೇಳಿದ: “ನಾ ಏನ ತಪ್ಪ ಮಾಡಿದ್ನಿರಿ?”

ಕಡತ ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟೆ. ಇಪ್ಪತ್ತು ಸೆಕೆಂಡು ಎಂದೋ ದಾಟಿತ್ತು. ಅವನು ಫೋನು ಇಡಲಿಲ್ಲ.

“ಸಾವಕಾಶ ಹೇಳ್ರಿ ಸರ,” ಎಂದ. “ಮಗ್ಗ ನಿಂದರ್ಸೇನಿ.”